ಮುಂದಿನ ಮಾದರಿಯ ಗಣಕಕ್ಕೆ ಕಾಯಬೇಕೇ?

ಸುವರ್ಣ ಮಹೋತ್ಸವದ ನಿಮಿತ್ತ ತಾವು ಕಲಿತ ಶಾಲೆಗೆ ಏನನ್ನಾದರೂ ಅರ್ಪಿಸಬೇಕೆಂಬ ಹಂಬಲ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಮೂಡಿರುವುದು ಸಂತೋಷದ ಸಂಗತಿ. ಕೆಲವರು ಕುಡಿಯುವ ನೀರಿನ ವ್ಯವಸ್ಥೆಗೆ, ಕೆಲವರು ವಾಚನಾಲಯದ ಕಪಾಟುಗಳಿಗೆ ಮುಂದಾಗಿದ್ದಾರೆ. ಬಹುಮಂದಿಯ ಒಲವು ಮಾತ್ರ ಗಣಕಯಂತ್ರಗಳ ಕೊಠಡಿಯತ್ತ ಹರಿದಿದೆ. ಹಣ ಕೂಡಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಯಾವ ಯಂತ್ರವನ್ನು, ಯಾವಾಗ ಕೊಳ್ಳಬೇಕು ಎಂಬುದೇ ಇತ್ಯರ್ಥವಾಗದೆ ಉಳಿದಿದೆ. ಪುಣೆಯಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನಮ್ಮ ಹುಡುಗರನ್ನು ಕೇಳಿದರೆ, “ಇನ್ನಾ ಆರ್ ತಿಂಗಳ ತಡೀರಿ ಸರ, ಹೊಸಾ ಮಾಡೆಲ್ ಬರೂದದ” ಎನ್ನುತ್ತಾರೆ. ಆರು ತಿಂಗಳ ನಂತರ ಕೇಳಿದರೂ ಅದೇ ಉತ್ತರ ಬರುತ್ತದೆ. ಅವರ ಮಾತು ಸುಳ್ಳಲ್ಲ. ಹೊಸ ಮಾದರಿ ಯಾವಾಗಲೂ ಬರುವುದರಲ್ಲೇ ಇರುತ್ತದೆ.

ಶಾಲೆಯೊಂದು ಈ ಲೆಕ್ಕಾಚಾರಕ್ಕೆ ಕಿವಿಗೊಟ್ಟು ಕೂಡಬಾರದೆಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ. ಇಂದು ಎಂಟನೆಯ ತರಗತಿಯಲ್ಲಿರುವ ಮಗು ಎರಡು ವರ್ಷ ಕಳೆದರೆ ಹತ್ತನೆಯದನ್ನು ದಾಟುವ ಹೊಸ್ತಿಲಲ್ಲಿ ನಿಂತಿರುತ್ತದೆ. ನಾವು ಚರ್ಚಿಸುತ್ತ ಕಳೆದ ಎರಡು ವರ್ಷ ಆ ಮಗುವಿನ ಪ್ರೌಢಶಾಲೆಯ ಬಹುಪಾಲು. ಸೊಲ್ಲಾಪುರದಲ್ಲಾಗಲಿ ಅಕ್ಕಲಕೋಟದಲ್ಲಾಗಲಿ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿ ಬೇರೆಡೆ ಸೇರಿಸುವ ತಂದೆತಾಯಿಗಳು ಹೇಳುವ ಕಾರಣಗಳಲ್ಲಿ ‘ಅಲ್ಲಿ ಕಂಪ್ಯೂಟರ್ ಕಲಿಸುತ್ತಾರೆ’ ಎಂಬುದೂ ಒಂದು. ಆ ಯಂತ್ರದೊಳಗಿನ ಪ್ರೊಸೆಸರು ಎಷ್ಟನೆಯ ತಲೆಮಾರಿನದೆಂದು ಅವರಾರೂ ಕೇಳುವುದಿಲ್ಲ.

ಮುಂದಿನ ಮಾದರಿಯ ವದಂತಿ ಎಷ್ಟು ಹಳೆಯ ರೋಗವೆಂಬುದಕ್ಕೆ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಆಡಂ ಆಸ್ಬಾರ್ನ್ ಎಂಬಾತ 1981ರಲ್ಲಿ, ಹೊತ್ತೊಯ್ಯಬಹುದಾದ ಸುಮಾರು 11 ಕಿಲೋ ತೂಕದ ಗಣಕವೊಂದನ್ನು ಅಮೆರಿಕದ ಮಾರುಕಟ್ಟೆಗೆ ತಂದನು. ಮಾರಾಟ ಭರದಿಂದ ನಡೆದಿರುವಾಗಲೇ ಇದಕ್ಕಿಂತ ಉತ್ತಮವಾದುದು ಬರಲಿದೆಯೆಂದು ಹೇಳಿಕೊಂಡನು. ಜನ ಅದಕ್ಕೇ ಕಾದರು, ಇದ್ದ ಸರಕು ಮಳಿಗೆಯಲ್ಲೇ ಉಳಿಯಿತು, 1983ರಲ್ಲಿ ಕಂಪನಿ ದಿವಾಳಿಯಾಯಿತು ಎಂದು ಹೇಳುವುದುಂಟು. ದಿವಾಳಿಗೆ ಬೇರೆ ಕಾರಣಗಳೂ ಇದ್ದವೆಂದು ವಾದಿಸುವವರಿದ್ದಾರೆ. ಆದರೂ ಕೊಳ್ಳುವವರು ಕಾಯುವುದರಿಂದ ಮಾರುವವರಿಗಾಗುವ ನಷ್ಟಕ್ಕೆ ವ್ಯಾಪಾರಶಾಸ್ತ್ರದಲ್ಲಿ ಆತನ ಹೆಸರೇ ನಿಂತಿದೆ. ಈತನ ಬಾಲ್ಯ ಕಳೆದದ್ದು ತಮಿಳುನಾಡಿನ ತಿರುವಣ್ಣಾಮಲೆಯಲ್ಲಿ. ತಂದೆ ರಮಣ ಮಹರ್ಷಿಗಳ ಭಕ್ತರು. 2003ರಲ್ಲಿ ಆತ ತೀರಿಕೊಂಡದ್ದೂ ಕೊಡೈಕೆನಾಲಿನಲ್ಲಿ.

ಈಗ ನಡೆದಿರುವ ಮಾತುಗಳನ್ನು ನೋಡೋಣ. ಇಂಟೆಲ್ ಕಂಪನಿ ಮೇಜಿನ ಗಣಕಗಳಿಗೆಂದು 2021ರಿಂದ 2023ರವರೆಗೆ ತಂದ 12, 13, 14ನೆಯ ತಲೆಮಾರಿನ ಪ್ರೊಸೆಸರುಗಳೆಲ್ಲ ಒಂದೇ ಬಗೆಯ ಸಾಕೆಟ್ಟಿನಲ್ಲಿ ಕೂಡುತ್ತಿದ್ದವು. 2024ರ ಅಕ್ಟೋಬರದಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಹೆಸರೂ ಬದಲಾಯಿತು, ಸಾಕೆಟ್ಟೂ ಬದಲಾಯಿತು. ಅದರ ಮುಂದಿನ ‘ನೋವಾ ಲೇಕ್’ 2026ರ ಅಂತ್ಯಕ್ಕೆ ಬರುವುದೆಂದು ಕಂಪನಿ 2025ರಲ್ಲಿ ತಿಳಿಸಿತು; ಅದಕ್ಕೆ ಇನ್ನೊಂದು ಹೊಸ ಸಾಕೆಟ್ಟು ಎಂದು ವದಂತಿ ಹಬ್ಬಿತು. ಎಎಂಡಿ ಕಂಪನಿ ಮಾತ್ರ 2022ರಲ್ಲಿ ತಂದ ಎಎಂ5 ಸಾಕೆಟ್ಟನ್ನು ಕನಿಷ್ಠ 2027ರವರೆಗೆ ಮುಂದುವರಿಸುವ ಮಾತು ಕೊಟ್ಟಿತು. ಹೆಸರುಗಳ ಆಟ ಇದಕ್ಕಿಂತ ದೊಡ್ಡದು. ಕಚೇರಿಗಳಲ್ಲಿ ಮನೆಮಾತಾಗಿದ್ದ ಆಪ್ಟಿಪ್ಲೆಕ್ಸ್ ಎಂಬ ಹೆಸರನ್ನು ಡೆಲ್ ಕಂಪನಿ 2025ರ ಜನವರಿಯಲ್ಲಿ ಕೈಬಿಟ್ಟು, ‘ಡೆಲ್ ಪ್ರೊ’, ‘ಡೆಲ್ ಪ್ರೊ ಮ್ಯಾಕ್ಸ್’ ಎಂಬ ಹೊಸ ನಾಮಕರಣ ನಡೆಸಿತು. ಆಪಲ್ ಕಂಪನಿ ತನ್ನ ಪುಟ್ಟ ಮ್ಯಾಕ್ ಮಿನಿಯನ್ನು 2024ರಲ್ಲಿ ಇನ್ನೂ ಪುಟ್ಟದಾಗಿಸಿತು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್’ ಎಂಬ ಹೊಸ ವರ್ಗವನ್ನೇ ಸೃಷ್ಟಿಸಿ, ಕೃತಕ ಬುದ್ಧಿಮತ್ತೆಯ ಕೆಲಸಕ್ಕೆಂದು ಪ್ರತ್ಯೇಕ ಘಟಕವೂ 16 ಜಿಬಿ ರ‍್ಯಾಮೂ ಇರಲೇಬೇಕೆಂದು ವಿಧಿಸಿತು. ಎಂಟನೆಯ ತರಗತಿಯ ಮಗು ಕನ್ನಡದಲ್ಲಿ ಒಂದು ಪ್ರಬಂಧ ಬರೆದು, ಒಂದು ಕೋಷ್ಟಕ ಹಾಕಿ, ಒಂದು ಚಿತ್ರ ಬಿಡಿಸುವುದಕ್ಕೆ ಇವುಗಳಲ್ಲಿ ಯಾವುದೂ ಅನಿವಾರ್ಯವಲ್ಲ.

ಕಾದರೆ ಅಗ್ಗವಾಗುತ್ತದೆಯೆಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಅದು ತಲೆಕೆಳಗಾಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಜಗತ್ತಿನ ರ‍್ಯಾಮ್ ಉತ್ಪಾದನೆಯ ದೊಡ್ಡ ಪಾಲನ್ನು ಸೆಳೆಯತೊಡಗಿ ಚಿಲ್ಲರೆ ಪೇಟೆಯಲ್ಲಿ ಬೆಲೆ ಏರಿತು. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ‘ಕ್ರೂಷಿಯಲ್’ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರದಲ್ಲಿ ಪ್ರಕಟಿಸಿತು. ಹೀಗಿರುವಾಗ ದೇಣಿಗೆಯ ಹಣವನ್ನು ಬ್ಯಾಂಕಿನಲ್ಲಿಟ್ಟು ಬೆಲೆ ಇಳಿಯುವ ದಿನವನ್ನು ಎದುರು ನೋಡುವುದು ಜಾಣತನವೆನಿಸದು.

ವದಂತಿಗಳನ್ನು ಬದಿಗಿಟ್ಟರೆ ಶಾಲೆಗಳನ್ನು ನಿಜಕ್ಕೂ ಬಾಧಿಸುವ ಬದಲಾವಣೆ ಒಂದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಉಚಿತ ಸುರಕ್ಷಾ ಬೆಂಬಲ 2025ರ ಅಕ್ಟೋಬರ 14ರಂದು ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷಾ ಘಟಕವೂ, ಇಂಟೆಲ್ ಆದರೆ ಸಾಧಾರಣವಾಗಿ ಎಂಟನೆಯ ತಲೆಮಾರಿನ ಅಥವಾ ನಂತರದ ಪ್ರೊಸೆಸರೂ ಬೇಕು. ಎಂಟನೆಯ ತಲೆಮಾರು ಬಂದದ್ದು 2017ರಲ್ಲಿ. ಅಂದರೆ 2016ರಲ್ಲಿ ಯಾರೋ ಪುಣ್ಯಾತ್ಮರು ದಾನವಿತ್ತ ಯಂತ್ರ ಇಂದಿಗೂ ಚೆನ್ನಾಗಿ ನಡೆಯುತ್ತಿದ್ದರೂ ಕಂಪನಿಯ ದೃಷ್ಟಿಯಲ್ಲಿ ಅದು ಅನರ್ಹ. ಇದಕ್ಕೆ ಎರಡು ದಾರಿಗಳಿವೆ. ಶಿಕ್ಷಣ ಪರವಾನಗಿ ಪಡೆದ ಸಂಸ್ಥೆಗಳಿಗೆ ಪ್ರತಿ ಯಂತ್ರಕ್ಕೆ ಮೊದಲ ವರ್ಷ 1, ಎರಡನೆಯ ವರ್ಷ 2, ಮೂರನೆಯ ವರ್ಷ 4 ಡಾಲರಿನಂತೆ ಸುರಕ್ಷಾ ಪರಿಷ್ಕರಣೆಯನ್ನು ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟೇ ಪ್ರಕಟಿಸಿತು. ಮೂರು ವರ್ಷಕ್ಕೆ ಕೂಡಿ 7 ಡಾಲರು. ಎರಡನೆಯದು ಲಿನಕ್ಸ್, ಅದಕ್ಕೆ ಶುಲ್ಕವೇ ಇಲ್ಲ. ಹಳೆಯದನ್ನು ಗುಜರಿಗೆ ಹಾಕಿ ಎಲ್ಲವನ್ನೂ ಹೊಸದಾಗಿ ಕೊಳ್ಳುವ ಮೊದಲು ಆಡಳಿತ ಮಂಡಳಿ ಈ ಎರಡನ್ನೂ ಪರಿಶೀಲಿಸುವುದು ಯುಕ್ತ.

ಲಿನಕ್ಸ್ ಎಂದೊಡನೆ ಅದು ಪಂಡಿತರ ಸೊತ್ತೆಂದು ಹೆದರುವವರು ಕಾಸರಗೋಡಿನತ್ತ ನೋಡಬೇಕು. ನಮ್ಮಂತೆಯೇ ಬೇರೆ ರಾಜ್ಯದಲ್ಲಿದ್ದು ಕನ್ನಡ ಮಾಧ್ಯಮದ ಶಾಲೆಗಳನ್ನು ಉಳಿಸಿಕೊಂಡಿರುವ ನೆಲವದು. ಕೇರಳ ಸರಕಾರದ ‘ಕೈಟ್’ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಆಧಾರಿತ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿ ಹಂಚುತ್ತ ಬಂದಿದೆ. ಅಲ್ಲಿ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲಿಯೂ ಮುದ್ರಣಗೊಳ್ಳುತ್ತದೆ.

ಇನ್ನು ಕನ್ನಡದ ಪ್ರಶ್ನೆ. ನಮ್ಮ ಶಾಲೆಗೆ ಎಲ್ಲಕ್ಕಿಂತ ಮುಖ್ಯವಾದುದು ಇದೇ, ಮಾರಾಟದ ಪತ್ರಿಕೆಗಳಲ್ಲಿ ಕಾಣದಿರುವುದೂ ಇದೇ. ಸೊಲ್ಲಾಪುರದ ಚಾದರ ನೇಯುವ ಜಕಾರ್ಡ್ ಮಗ್ಗವನ್ನು ಕಂಡವರಿಗೆ ಇದನ್ನು ತಿಳಿಸುವುದು ಸುಲಭ. ಮಗ್ಗದ ಮೇಲೆ ತೂತುಗಳಿರುವ ರಟ್ಟಿನ ಕಾರ್ಡುಗಳ ಸರವೊಂದು ತೂಗುತ್ತಿರುತ್ತದೆ. ಹೂವು, ನವಿಲು, ಬಳ್ಳಿ ಎಲ್ಲವೂ ಇರುವುದು ಆ ತೂತುಗಳಲ್ಲಿ. ಮಗ್ಗ ಸವೆದರೆ ಅದೇ ಅಳತೆಯ ಇನ್ನೊಂದು ಮಗ್ಗಕ್ಕೆ ಸರವನ್ನು ತೂಗಿಬಿಟ್ಟರೆ ಅದೇ ನವಿಲು ಮೂಡುತ್ತದೆ. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ಬಳಕೆಗೆ ತಂದ ಈ ಕಾರ್ಡುಗಳನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ಯೋಜಿಸಿದ್ದನು. ಬರಹಕ್ಕೂ ಇದೇ ಭಾಗ್ಯವಿರಬೇಕು: ಯಂತ್ರ ಬದಲಾದರೂ ಬರೆದದ್ದು ಬದಲಾಗಬಾರದು. ಆದರೆ ಗಣಕದ ಕನ್ನಡಕ್ಕೆ ಬಹುಕಾಲ ಈ ಭಾಗ್ಯವಿರಲಿಲ್ಲ. ಪುಣೆಯ ಶ್ರೀಲಿಪಿ, 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಕನ್ನಡಕ್ಕಾದ ಉಪಕಾರವನ್ನು ಮರೆಯಲಾಗದು. ಆ ದಿನಗಳಲ್ಲಿ ಅವಿಲ್ಲದಿದ್ದರೆ ಪತ್ರಿಕೆಗಳೂ ಕಚೇರಿಗಳೂ ಕನ್ನಡದಲ್ಲಿ ನಡೆಯುತ್ತಿರಲಿಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಸಂಗ್ರಹವಾಗುತ್ತಿದ್ದುದು ರೋಮನ್ ಅಕ್ಷರಗಳ ಸಂಕೇತ. ಅಕ್ಷರಗುಚ್ಛವು ಅದಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಎಷ್ಟು ಸಂಘಸಂಸ್ಥೆಗಳ ವರದಿಗಳು, ಅಧ್ಯಕ್ಷರ ಭಾಷಣಗಳು, ಸ್ಮರಣ ಸಂಚಿಕೆಗಳ ಕಡತಗಳು ಹೀಗೆ ಹಳೆಯ ಡಿಸ್ಕುಗಳಲ್ಲಿ ಮೂಕವಾಗಿ ಬಿದ್ದಿವೆಯೋ!

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸ್ಥಾನ ದೊರೆಯಿತು. ಆದರೆ ಮೇಜಿನ ಗಣಕದೊಳಗೆ ಅದು ಕಾಲಿಡಲು ಹತ್ತು ವರ್ಷ ಹಿಡಿಯಿತು. ವಿಂಡೋಸ್ 2000ದಲ್ಲಿ ಹಿಂದಿ, ಮರಾಠಿ, ತಮಿಳುಗಳಿಗೆ ಅವಕಾಶವಿತ್ತು, ಕನ್ನಡಕ್ಕಿರಲಿಲ್ಲ. ನೆರೆಯ ಮರಾಠಿ ಶಾಲೆಗೆ ದಕ್ಕಬಹುದಾಗಿದ್ದ ಸೌಲಭ್ಯಕ್ಕೆ ಕನ್ನಡ ಶಾಲೆ 2001ರ ವಿಂಡೋಸ್ ಎಕ್ಸ್‌ಪಿಯವರೆಗೆ ಕಾಯಬೇಕಾಯಿತು. ‘ತುಂಗಾ’ ಎಂಬ ಫಾಂಟಿನೊಡನೆ ಕನ್ನಡ ಅದರಲ್ಲಿ ಬಂದಿತು. ಕನ್ನಡಿಗರು ನಿಜವಾಗಿ ಕಾಯಬೇಕಾಗಿದ್ದ ‘ಮುಂದಿನ ಮಾದರಿ’ ಯಾವುದಾದರೂ ಇದ್ದರೆ ಅದು 2001ರದು. ಅದಾದ ಮೇಲೆ ಬಂದ ಯಾವ ಮಾದರಿಯಾದರೂ, ಹೊಸದಿರಲಿ ಹಳೆಯದಿರಲಿ, ಕನ್ನಡ ಬರೆಯಲು ಸಾಕು.

ಕೀಲಿಮಣೆಯ ವಿಷಯದಲ್ಲಿ ನಮ್ಮ ಗಡಿನಾಡಿಗೆ ವಿಶೇಷ ಅನುಕೂಲವೊಂದಿದೆ. ಕರ್ನಾಟಕದಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸ ಹೆಚ್ಚು ಬಳಕೆಯಲ್ಲಿದೆ, ಅದು ಸುಲಭವೂ ಹೌದು. ಆದರೆ ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮರಾಠಿಯ ‘ಕ’ ಇರುತ್ತದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುತೇಕ ಬಲಗೈಗೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿಯನ್ನೂ ಕಲಿಯುವ ನಮ್ಮ ಮಗು ಒಮ್ಮೆ ಬೆರಳು ಪಳಗಿಸಿದರೆ ಮೂರು ಭಾಷೆಗಳೂ ಕೈವಶವಾಗುತ್ತವೆ. ಇದು ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಅಂತರ್ಗತವಾಗಿಯೇ ಬರುತ್ತದೆ, ಬಿಡಿಗಾಸು ಖರ್ಚಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗನಿಗೆ ಮಹಾರಾಷ್ಟ್ರದಲ್ಲಿ ಕೆಲಸ ಸಿಗದೆಂದು ಹೆದರುವ ಪಾಲಕರ ಮುಂದೆ ಇಡಬಹುದಾದ ಗಟ್ಟಿ ಉತ್ತರಗಳಲ್ಲಿ ಇದೂ ಒಂದು.

ಯಂತ್ರ ಎಷ್ಟರಮಟ್ಟಿಗೆ ನೆಪವಷ್ಟೇ ಎಂಬುದನ್ನು ನಮ್ಮ ಜಿಲ್ಲೆಯ ಶಿಕ್ಷಕರೊಬ್ಬರು ತೋರಿದ್ದಾರೆ. ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತಸಿಂಹ ಡಿಸಲೆ ಅವರಿಗೆ 2020ರಲ್ಲಿ ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂದದ್ದು ವಾಚಕರಿಗೆ ನೆನಪಿರಬಹುದು. ತರಗತಿಯ ಮಕ್ಕಳ ಮಾತು ಕನ್ನಡವೆಂದರಿತು ಅವರು ಕನ್ನಡ ಕಲಿತು, ಒಂದರಿಂದ ನಾಲ್ಕನೆಯ ತರಗತಿಯ ಪಠ್ಯಗಳನ್ನು ಮಕ್ಕಳಿಗೆ ಒಗ್ಗುವಂತೆ ರೂಪಿಸಿ, ಕ್ಯೂಆರ್ ಸಂಕೇತಗಳ ಮೂಲಕ ಪದ್ಯ, ಪಾಠ, ದೃಶ್ಯಗಳನ್ನು ಜೋಡಿಸಿದರೆಂದು ಪ್ರಶಸ್ತಿಯ ವಿವರಣೆಯಲ್ಲಿ ಹೇಳಲಾಗಿದೆ. ಬಹುಮಾನದ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದರು. ಮಕ್ಕಳಿಗಾಗಿ ಕನ್ನಡ ಕಲಿಯುವ ಶಿಕ್ಷಕರು ನಮ್ಮ ಜಿಲ್ಲೆಯಲ್ಲಿರುವಾಗ, ಕನ್ನಡವೇ ಉಸಿರಾದ ಶಾಲೆಯೊಂದು ಪ್ರೊಸೆಸರಿನ ಹೆಸರು ನೋಡುತ್ತ ಕೂತರೆ ನೋಡಿದವರು ನಕ್ಕಾರು.

ಹಾಗಾದರೆ ಕೊಳ್ಳಬೇಕಾದುದೇನು? ಕಚೇರಿಗಳಿಂದ ಹಿಂದಿರುಗಿ ದುರಸ್ತಿಗೊಂಡು ಮಾರಾಟವಾಗುವ, ಅಂಗೈ ಅಗಲದ ಪುಟ್ಟ ಡೆಸ್ಕ್‌ಟಾಪುಗಳು ನನ್ನ ಮೊದಲ ಆಯ್ಕೆ. ಇಂಟೆಲ್ ಆದರೆ ಎಂಟನೆಯ ತಲೆಮಾರಿಗಿಂತ ಹಳೆಯದಿರಬಾರದು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲೇಬೇಕು. ರ‍್ಯಾಮ್ ಹೆಚ್ಚಿಸಲು ಇನ್ನೊಂದು ಸ್ಥಳ ಖಾಲಿ ಇರಬೇಕು. ಖಾತರಿಯನ್ನು ಲಿಖಿತವಾಗಿ ಪಡೆಯಬೇಕು. ಇಂಥ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿ 35 ವ್ಯಾಟಿನ ಪ್ರೊಸೆಸರಿದ್ದರೆ ದೊಡ್ಡ ಪೆಟ್ಟಿಗೆಯವುಗಳಲ್ಲಿ 65 ವ್ಯಾಟಿನದಿರುತ್ತದೆ. ಬೇಸಿಗೆಯಲ್ಲಿ ಅಕ್ಕಲಕೋಟದ ಹಳ್ಳಿಗಳ ವಿದ್ಯುತ್ತನ್ನು ಬಲ್ಲವರಿಗೆ ಇದರ ಬೆಲೆ ತಿಳಿದಿದೆ. ಇನ್ವರ್ಟರಿನ ಮೇಲೆ ಪಾಠ ಒಂದು ತಾಸು ಹೆಚ್ಚು ನಡೆದೀತು. ಒಂದೇ ಒಂದು ದುಬಾರಿ ಯಂತ್ರ ತಂದು ಮುಖ್ಯಾಧ್ಯಾಪಕರ ಕೋಣೆಯಲ್ಲಿ ಬಟ್ಟೆ ಹೊದಿಸಿಡುವ ದಾನವನ್ನು ವಿನಯದಿಂದಲೇ ನಿರಾಕರಿಸಬೇಕು. ಉಳಿದ ಹಣದಿಂದ ವಾರಕ್ಕೆ ಮೂರು ದಿನ ಬರುವ ಶಿಕ್ಷಕರೊಬ್ಬರ ಗೌರವಧನಕ್ಕೆ ವ್ಯವಸ್ಥೆಯಾದರೆ ಕೊಠಡಿಗೆ ಬೀಗ ಬೀಳುವ ಪ್ರಸಂಗ ಬಾರದು.

ಮಕ್ಕಳಿಗೆ ಕೊಡುವ ಮೊದಲ ಕೆಲಸವನ್ನೂ ಈಗಲೇ ಗೊತ್ತುಮಾಡಬಹುದು. ಶಾಲೆಯ ಕಪಾಟಿನಲ್ಲಿ ರಜತ ಮಹೋತ್ಸವದ ಸಂಚಿಕೆಯ ಕೆಲವೇ ಪ್ರತಿಗಳು ಉಳಿದಿವೆ, ಹಾಳೆಗಳು ಹಳದಿಯಾಗಿವೆ. ಅದರ ಒಂದೊಂದು ಲೇಖನವನ್ನು ಎಂಟು ಮತ್ತು ಒಂಬತ್ತನೆಯ ತರಗತಿಯ ಇಬ್ಬಿಬ್ಬರು ಮಕ್ಕಳಿಗೆ ಒಪ್ಪಿಸಿ, ಯೂನಿಕೋಡಿನಲ್ಲಿ ಟೈಪು ಮಾಡಿಸಿ, ಹಳೆಯ ವಿದ್ಯಾರ್ಥಿಗಳಿಂದಲೇ ತಿದ್ದಿಸಬೇಕು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಕೊಠಡಿಯ ವೈರಿಂಗ್ ಮುಗಿದರೆ ದೀಪಾವಳಿಯ ರಜೆಯ ಹೊತ್ತಿಗೆ ಆ ಸಂಚಿಕೆ ಪೂರ್ಣವಾಗಿ ಕಡತಕ್ಕೇರಬಹುದು.