ಬರೆದಿಟ್ಟ ನಿಯಮವೇನೂ ಕಚೇರಿ ಕಡತವಲ್ಲ

ಮುಕ್ತ ತಂತ್ರಾಂಶ ಯೋಜನೆಗಳು ಬಿಡುಗಡೆಯ ವೇಳಾಪಟ್ಟಿ, ಕೊಡುಗೆಯ ನಿಯಮ ಎಂದು ಪುಟಗಟ್ಟಲೆ ಬರೆಯುವುದು ಸರ್ಕಾರಿ ಕಚೇರಿಯ ಚಾಳಿ, ಒಳ್ಳೆಯ ಕೋಡ್ ತಾನೇ ಮಾತಾಡುತ್ತದೆ ಎಂಬ ವಾದ ಈಚೆಗೆ ಅಚ್ಚಾಗಿದೆ. ಕೇಳಲು ಸೊಗಸಾಗಿದೆ. ಲಿನಕ್ಸ್ ಕರ್ನಲ್‌ನ ಚರಿತ್ರೆ ಮಾತ್ರ ಬೇರೆಯೇ ಹೇಳುತ್ತದೆ.

ಕರ್ನಲ್ 2.4 ಬಂದದ್ದು 2001ರ ಜನವರಿಯಲ್ಲಿ, 2.6 ಬರಲು 2003ರ ಡಿಸೆಂಬರ್ ಆಯಿತು. ಕಾಯಲಾರದ ವಿತರಕರು ಹೊಸ ಪ್ಯಾಚ್‌ಗಳನ್ನು ತಮ್ಮ ಹಳೆಯ ಕರ್ನಲ್‌ಗೇ ತುರುಕಿಕೊಂಡರು. ಈಗ ಹಾಗಿಲ್ಲ. ಎರಡು ವಾರ ಹೊಸ ಕೋಡ್‌ಗೆ ಬಾಗಿಲು ತೆರೆದಿರುತ್ತದೆ, ಆಮೇಲೆ ಬರೀ ದೋಷ ಪರಿಹಾರ. ಒಂಬತ್ತು ಹತ್ತು ವಾರಕ್ಕೊಂದು ಬಿಡುಗಡೆ. ಈ ಸಲ ತಪ್ಪಿದರೂ ಮುಂದಿನ ಸರದಿ ದೂರವಿಲ್ಲ, ಹಾಗಾಗಿ ಅರೆಬೆಂದ ಕೋಡ್ ನುಗ್ಗಿಸುವ ಆತುರವೂ ಕಡಿಮೆ.

ಕೊಡುಗೆಯ ನಿಯಮವಂತೂ ಪೆಟ್ಟು ತಿಂದು ಕಲಿತದ್ದು. 2003ರಲ್ಲಿ ಎಸ್‌ಸಿಒ ಕಂಪನಿ ಐಬಿಎಂ ಮೇಲೆ ದಾವೆ ಹೂಡಿ, ತನ್ನ ಹಕ್ಕಿನ ಯುನಿಕ್ಸ್ ಕೋಡ್ ಲಿನಕ್ಸ್‌ಗೆ ಸೇರಿದೆ ಎಂದಿತು. ಮರುವರ್ಷ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ‘ಸೈನ್ಡ್-ಆಫ್-ಬೈ’ ಸಾಲನ್ನು ತಂದರು: ಈ ಕೋಡ್ ಕೊಡುವ ಹಕ್ಕು ತನಗಿದೆ ಎಂದು ಕಳಿಸಿದವರು ಹೆಸರು ಹಾಕಿ ಹೇಳಬೇಕು. ಕೋಡ್ ತಾನೇ ಮಾತಾಡುವುದಾದರೂ ತನ್ನ ಮೂಲವನ್ನು ಹೇಳಲಾರದು.

ಉದ್ದನೆಯ ನಿಯಮಪಟ್ಟಿ ಹೊಸಬರನ್ನು ಹೆದರಿಸುತ್ತದೆ, ನಿಜ. ಬರೆಯದ ನಿಯಮ ಇನ್ನೂ ಹೆಚ್ಚು ಹೆದರಿಸುತ್ತದೆ. ಅದು ಹಳಬರಿಗಷ್ಟೇ ಗೊತ್ತು.

ಇನ್ನು ವೇಳಾಪಟ್ಟಿ ಬೇಡ ಎನ್ನುವವರು ‘ಸಿದ್ಧವಾದಾಗ ಬಿಡುಗಡೆ’ ಎನ್ನುವ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಮಾತನ್ನು ಮುಂದಿಡಬಹುದು. ಆ ಡೆಬಿಯನ್ ಕೂಡ ಯಾವ ಹಂತದಲ್ಲಿ ಯಾವ ಬದಲಾವಣೆ ನಿಲ್ಲಬೇಕೆಂಬ ಫ್ರೀಜ್ ನಿಯಮಗಳನ್ನು ಮೊದಲೇ ಬರೆದು ಪ್ರಕಟಿಸುತ್ತದೆ.