ಕಾಣುವ ಹೇನು, ಕಾಣದ ಹುಳು

ಹಿರಿಯೂರಿನ ಮೀನಂಗಡಿಯಲ್ಲಿ ತಾಯಿಯೊಬ್ಬರು ಕಾಟ್ಲಾ ಮೀನನ್ನು ತಿರುಗಿಸಿ ನೋಡುತ್ತಾರೆ. ಈಜುರೆಕ್ಕೆಯ ಬುಡದಲ್ಲಿ ಬೇಳೆಯಷ್ಟು ಗಾತ್ರದ ಚಪ್ಪಟೆ ಜೀವಿಯೊಂದು ಅಂಟಿಕೊಂಡಿದೆ, ನೋಡನೋಡುತ್ತಲೇ ಸರಿಯುತ್ತದೆ! ‘ಅಯ್ಯೋ, ಹುಳ ಐತೆ’ ಎಂದು ಮೀನನ್ನು ಅಲ್ಲೇ ಬಿಡುತ್ತಾರೆ. ‘ಹುಳ ಅಲ್ಲ ಕಣವ್ವ, ಮೀನಿನ ಹೇನು. ಕೆರೆದು ತೊಳೆದರೆ ಹೋಯ್ತು’ ಎನ್ನುತ್ತಾಳೆ ಮಾರುವಾಕೆ. ಯಾರ ಮಾತು ಸರಿ?

ಮಾರುವಾಕೆಯದೇ ಸರಿ. ಇದರ ಹೆಸರು ಆರ್ಗ್ಯುಲಸ್. ಸೀಗಡಿ, ಏಡಿಗಳ ದೂರದ ನೆಂಟ. ಕೊಳದಲ್ಲಿ ಮೀನುಗಳು ಕಿಕ್ಕಿರಿದಾಗ ಇದರ ಕಾಟ ಹೆಚ್ಚು. ಇದರಂತೆಯೇ ಲರ್ನಿಯ ಎಂಬ ಲಂಗರು ಹುಳು ಮೀನಿನ ಮಾಂಸದೊಳಗೆ ತಲೆ ನೆಟ್ಟು, ದಾರದ ತುಂಡಿನಂತೆ ಹೊರಗೆ ಜೋತಾಡುತ್ತದೆ. ಎರಡೂ ಮನುಷ್ಯನ ದೇಹದಲ್ಲಿ ಬದುಕಲಾರವು. ನಷ್ಟ ಮೀನು ಸಾಕುವವನಿಗೆ ಮಾತ್ರ.

ಹಾಗಾದರೆ ಅಂಜಬೇಕಾದುದು ಯಾವುದಕ್ಕೆ? ಕಣ್ಣಿಗೆ ಸುಲಭವಾಗಿ ಕಾಣದ, ಮಾಂಸದೊಳಗೆ ಅಡಗಿದ ಮರಿಹುಳುಗಳಿಗೆ.

ಹೊಸದುರ್ಗದತ್ತ ಚಾಚಿರುವ ವಾಣಿವಿಲಾಸ ಸಾಗರದ ಹಿನ್ನೀರೇ ಇರಲಿ, ಚಿತ್ರದುರ್ಗ-ಹೊಳಲ್ಕೆರೆ ನಡುವಿನ ಭೀಮಸಮುದ್ರದ ಕೆರೆಯೇ ಇರಲಿ, ನೀರಿದ್ದಲ್ಲಿ ಗಾಳ ಹಾಕುವ ಹುಡುಗರೂ ಇರುತ್ತಾರೆ. ಸಿಕ್ಕ ಕೊರವನನ್ನು ದಡದಲ್ಲೇ ಕೆಂಡದ ಮೇಲೆ ಸುಟ್ಟು ತಿನ್ನುವ ಖುಷಿಯೇ ಬೇರೆ. ಆದರೆ ಹೊರಗೆ ಕರಿಯಾದ ಮೀನು ಒಳಗೆ ಹಸಿಯಾಗಿಯೇ ಉಳಿದಿರಬಹುದು. ಏಷ್ಯಾದಲ್ಲಿ ಕೊರವನ ಜಾತಿಯ ಮೀನುಗಳಲ್ಲಿ ನ್ಯಾಥೊಸ್ಟೊಮ ಎಂಬ ಹುಳುವಿನ ಮರಿ ಇರುವುದುಂಟು. ಅದು ಹೊಟ್ಟೆ ಸೇರಿದರೆ ಚರ್ಮದಡಿ ಅಲೆಯುತ್ತದೆ. ಅಪರೂಪಕ್ಕೆ ಕಣ್ಣು, ಮಿದುಳನ್ನೂ ಹೊಕ್ಕುತ್ತದೆ. ಭಾರತದಲ್ಲೂ ವೈದ್ಯರು ಇಂತಹ ರೋಗಿಗಳನ್ನು ಕಂಡಿದ್ದಾರೆ.

ಈಶಾನ್ಯ ಥಾಯ್ಲೆಂಡಿನ ಕಥೆ ಇನ್ನೂ ಕಠೋರ. ಅಲ್ಲಿ ಗೆಂಡೆ ಬಳಗದ ಸಣ್ಣ ಮೀನುಗಳನ್ನು ಹಸಿಯಾಗಿ ಕೊಚ್ಚಿ, ನಿಂಬೆರಸ, ಖಾರ ಬೆರೆಸಿ ತಿನ್ನುವ ರೂಢಿ ಇದೆ. ನಿಂಬೆರಸ ಬಿದ್ದ ಮಾಂಸ ಬೆಂದಂತೆ ಬೆಳ್ಳಗಾಗುತ್ತದೆ, ಆದರೆ ಒಳಗಿನ ಹುಳು ಸಾಯುವುದಿಲ್ಲ. ಅದು ಮನುಷ್ಯನ ಪಿತ್ತನಾಳದಲ್ಲಿ ವರ್ಷಗಟ್ಟಲೆ ಬೀಡುಬಿಡುತ್ತದೆ. ಈ ಹುಳು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಸಾರಿತು. ಇದರ ಜೀವನಚಕ್ರ ವಿದ್ಯಾರ್ಥಿಗಳು ನೆನಪಿಡಬೇಕಾದುದು: ಮಲದ ಮೂಲಕ ಮೊಟ್ಟೆ ನೀರಿಗೆ, ನೀರಿನಿಂದ ಬಸವನಹುಳುವಿಗೆ, ಅಲ್ಲಿಂದ ಮೀನಿಗೆ, ಮೀನಿನಿಂದ ಮತ್ತೆ ಮನುಷ್ಯನಿಗೆ. ಒಂದು ಕೊಂಡಿ ಕಳಚಿದರೂ ಸರಪಳಿ ಹರಿಯುತ್ತದೆ. ಕೆರೆಯಂಗಳ ಬಯಲು ಶೌಚಾಲಯವಾಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಕೆರೆಯ ಮೀನು ಕೆಟ್ಟದ್ದು, ಸಾಕಿದ್ದು ಒಳ್ಳೆಯದೇ? ಹಾಗೇನಿಲ್ಲ. ಮೀನು ಏನು ತಿಂದಿತು, ಯಾವ ನೀರಿನಲ್ಲಿ ಬೆಳೆಯಿತು ಎಂಬುದು ಮುಖ್ಯ. ಕಡಲಿನ ಕಾಡು ಸಾಲ್ಮನ್ ಮೀನಿನಲ್ಲಿ ಅನಿಸಾಕಿಸ್ ಹುಳು ಸಾಮಾನ್ಯ. ತಯಾರಿಸಿದ ಆಹಾರ ತಿಂದು ಬೆಳೆದ ಸಾಕು ಸಾಲ್ಮನ್‌ನಲ್ಲಿ ಬಲು ಅಪರೂಪ. ಆದರೆ ಮಲಿನ ನೀರು ಸೇರುವ ಸಾಕಣೆ ಕೊಳಕ್ಕೆ ಈ ಮಾತು ಸಲ್ಲದು.

ಉಪಾಯ ನಮ್ಮ ಒಲೆಯಲ್ಲೇ ಇದೆ. ಮೀನಿನ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಈ ಹುಳುಗಳು ಸಾಯುತ್ತವೆ. ಕುದಿಯುವ ಸಾರು ಅದನ್ನು ಸುಲಭವಾಗಿ ದಾಟುತ್ತದೆ. ಥರ್ಮಾಮೀಟರ್ ಬೇಕಿಲ್ಲ: ದಪ್ಪ ತುಂಡಿನ ನಡುವೆಯೂ ಮಾಂಸದ ಗಾಜಿನಂಥ ಹೊಳಪು ಹೋಗಿ, ಎಸಳೆಸಳಾಗಿ ಮುಳ್ಳಿನಿಂದ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ. ಹಸಿಯಾಗಿ ತಿನ್ನುವ ಮೀನನ್ನು ಮೊದಲೇ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕೆಂಬುದು ನಿಯಮ. ಮನೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ಅದಕ್ಕೆ ನಂಬುವಂತಿಲ್ಲ. ಮೀನು ಕೊಯ್ದ ಚಾಕು, ಮಣೆಗಳನ್ನು ತೊಳೆಯದೆ ಸೌತೆಕಾಯಿ ಹೆಚ್ಚಬಾರದು. ಉಪ್ಪು ಅರಿಶಿನ ಸವರಿದರೆ ಸಾಕೆಂಬ ನಂಬಿಕೆಯೂ ಬೇಡ.

ಅಂಗಡಿಯಲ್ಲಿ ಬಿಟ್ಟುಬಂದ ಆ ಕಾಟ್ಲಾ ತಾಜಾ ಇದ್ದು, ಮೈಮೇಲೆ ಹುಣ್ಣಿಲ್ಲದಿದ್ದರೆ ಧಾರಾಳವಾಗಿ ಕೊಳ್ಳಬಹುದಿತ್ತು. ಹೇನನ್ನು ಕಂಡು ಮೀನು ಬಿಡುವುದಕ್ಕಿಂತ, ಕಾಣದ ಹುಳುವನ್ನು ನೆನೆದು ಚೆನ್ನಾಗಿ ಬೇಯಿಸುವುದೇ ಜಾಣತನ.