ಕಾಲೇಜು ಇರೋದು ನಿಜ, ಆದ್ರೆ ನಿಮಗೆ ಸೀಟು ಕೊಡೋ ಹಕ್ಕು ಅದಕ್ಕಿದೆಯಾ?

(1/6)

ಮೊದಲನೇ ಫೋಟೋ ನೋಡಿ. ಹೆಸರು, ಪಾಸ್‌ಪೋರ್ಟ್ ನಂಬರ್, ಕಾಲೇಜಿನ ಲೋಗೊ ಎಲ್ಲಾ ನಾನೇ ಮುಚ್ಚಿದ್ದೀನಿ. ಇದು ಮೆಲ್ಬರ್ನ್‌ನ ಒಂದು ವೃತ್ತಿ ತರಬೇತಿ ಕಾಲೇಜಿನ ಆಫರ್ ಲೆಟರ್. ನಮ್ಮ ಪಾಲಿಟೆಕ್ನಿಕ್‌ನ ಜೂನಿಯರ್ ಒಬ್ಬ ಕಳೆದ ಭಾನುವಾರ ರಾತ್ರಿ ಕಳಿಸಿದ್ದು. ಕಾರ್ ಮೆಕ್ಯಾನಿಕ್ ಕೋರ್ಸು, ಕೆಳಗೆ ನೀಲಿ ಸೀಲು, ಯಾರದೋ ಸಹಿ. ಜೊತೆಗೆ ಮೆಸೇಜು: "ಅಣ್ಣಾ, ಇದು ಒರಿಜಿನಲ್ಲಾ? ನಾಡಿದ್ದು ಸಂಜೆ ಒಳಗೆ ಮೂರು ಲಕ್ಷ ಕಟ್ಬೇಕಂತೆ. ಇಲ್ಲಾಂದ್ರೆ ಸೀಟು ಹೋಗುತ್ತಂತೆ."

"ಚೆಕ್ ಮಾಡಿದ್ಯಾ?" ಅಂತ ಕೇಳಿದೆ.

"ಮಾಡ್ದೆ ಅಣ್ಣಾ. ಕಾಲೇಜು ಇದೆ. ವೆಬ್‌ಸೈಟ್ ಇದೆ, ಮ್ಯಾಪಲ್ಲಿ ಬಿಲ್ಡಿಂಗ್ ಕೂಡ ಕಾಣುತ್ತೆ."

ನಾವು ಎಡವೋದು ಇಲ್ಲೇ. "ಕಾಲೇಜು ಇದೆಯಾ?" ಅಂತ ಕೇಳ್ತೀವಿ, ಇದೆ ಅಂತ ಗೊತ್ತಾದ ಕೂಡ್ಲೇ ಸಮಾಧಾನ ಆಗಿಬಿಡುತ್ತೆ. ಕೇಳಬೇಕಾದ್ದು ಬೇರೆ. ಈ ಕಾಲೇಜಿಗೆ, ಈ ಕೋರ್ಸನ್ನ, ಈ ಜಾಗದಲ್ಲಿ, ಹೊರದೇಶದಿಂದ ಬರೋ ನನಗೆ ಕಲಿಸೋಕೆ ಅನುಮತಿ ಇದೆಯಾ? ನಾನು ಕಟ್ಟೋ ದುಡ್ಡು ಯಾರ ಖಾತೆಗೆ ಹೋಗುತ್ತೆ? ಇಷ್ಟಕ್ಕೂ ಉತ್ತರ ಸಿಗೋವರೆಗೆ ಒಂದು ರೂಪಾಯಿನೂ ಕಟ್ಟಬಾರದು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಇಷ್ಟು ಖಡಕ್ಕಾಗಿ ಹೇಳ್ತಿದ್ದೀನಿ ಅಂದ್ರೆ, ನಾನು ಕಟ್ಟಿ ಕಳ್ಕೊಂಡಿದ್ದೀನಿ.

(2/6)

ಕ್ಲಾಸಿನವರಿಗೂ ಇದು ಪೂರ್ತಿ ಗೊತ್ತಿಲ್ಲ. "ವೀಸಾ ಆಗ್ಲಿಲ್ಲ" ಅಂತ ಹೇಳಿ ಸುಮ್ನಾಗಿದ್ದೆ. ವೀಸಾಗೆ ಅರ್ಜಿನೇ ಹಾಕಿರಲಿಲ್ಲ ಮಗಾ.

ಡಿಪ್ಲೊಮಾ ಮುಗಿದ ವರ್ಷ. ಬೆಂಗಳೂರಲ್ಲಿ ಒಂದು ಕನ್ಸಲ್ಟೆನ್ಸಿ, ಹೆಸರು ಬೇಡ. ಗಾಜಿನ ಬಾಗಿಲು, ಎಸಿ, ಗೋಡೆ ತುಂಬ ವೀಸಾ ಸಿಕ್ಕವರ ಫೋಟೋ. ಅಪ್ಪನ ಸ್ನೇಹಿತರ ಅಳಿಯ ಅಲ್ಲಿ ಕೆಲಸ ಮಾಡ್ತಿದ್ರು, ಅವರೇ ಕರ್ಕೊಂಡು ಹೋಗಿದ್ದು. ಕಾಫಿ ಕೊಟ್ಟರು. "ಎರಡೇ ಸೀಟು ಉಳಿದಿದೆ, ಬ್ಲಾಕ್ ಮಾಡೋಕೆ 85 ಸಾವಿರ" ಅಂದ್ರು. ಅಮ್ಮನ ಎರಡೆಳೆ ಸರ ಸೊಸೈಟೀಲಿ ಅಡ ಇಟ್ಟು ಕಟ್ಟಿದ್ವಿ. ದುಡ್ಡು ಹೋಗಿದ್ದು ಕಾಲೇಜಿಗಲ್ಲ, ಕನ್ಸಲ್ಟೆನ್ಸಿ ಖಾತೆಗೆ.

ಕಟ್ಟಿದ ಹನ್ನೊಂದನೇ ದಿನ, ಯಾಕೋ ನಿದ್ದೆ ಬರದೆ, ಲೆಟರಲ್ಲಿದ್ದ ಕೋಡ್ ನಂಬರನ್ನ ಸರ್ಕಾರದ ಸೈಟಲ್ಲಿ ಹಾಕಿ ನೋಡಿದೆ. ಅದು ಬೇರೆ ಕಾಲೇಜಿನ ಕೋಡು. ಕೇಳಿದ್ದಕ್ಕೆ "ಟೈಪಿಂಗ್ ಮಿಸ್ಟೇಕ್" ಅಂದ್ರು. ಆಮೇಲೆ "ಮುಂದಿನ ಇನ್‌ಟೇಕ್‌ಗೆ ಹಾಕಿದ್ದೀವಿ" ಅಂದ್ರು. ಆಮೇಲೆ ಫೋನೇ ಎತ್ತಲಿಲ್ಲ.

ನೋಡೋಕೆ ನನಗೆ ಹಿಡಿದಿದ್ದು ಐದೇ ನಿಮಿಷ. ಆ ಐದು ನಿಮಿಷವನ್ನ ಹನ್ನೊಂದು ದಿನ ಮುಂಚೆ ಯಾಕೆ ಕೊಡಲಿಲ್ಲ? ಸೈಟ್ ಗೊತ್ತಿರಲಿಲ್ಲ ಅಂತ ಅಲ್ಲ, ಸಂಕೋಚ. ಅಪ್ಪನ ಕಡೆಯವರು, ಕಾಫಿ ಕುಡಿಸಿದ್ದಾರೆ, ಅವರ ಮುಂದೆ ಫೋನ್ ತೆಗೆದು ಕೋಡ್ ಚೆಕ್ ಮಾಡಿದ್ರೆ ನಂಬಿಕೆ ಇಲ್ಲ ಅಂದಂಗೆ ಆಗುತ್ತಲ್ಲ ಅಂತ. ಇದೇ ನಾವು ಊರಲ್ಲಿ ಐಟಿಐ ಸೇರೋವಾಗ "ಎನ್‌ಸಿವಿಟಿ ಇದೆಯಾ, ಎಸ್‌ಸಿವಿಟಿನಾ?" ಅಂತ ಎಲ್ಲರ ಮುಂದೆ ಕೇಳ್ತೀವಿ, ಯಾರೂ ಬೇಜಾರು ಮಾಡ್ಕೊಳಲ್ಲ. ಫಾರಿನ್ ಅಂದ ಕೂಡ್ಲೇ ಬಾಯಿ ಕಟ್ಟಿಹೋಗುತ್ತೆ.

(3/6)

ಈಗ ವಿಷಯಕ್ಕೆ ಬರೋಣ. ನಾನು ಆಸ್ಟ್ರೇಲಿಯಾ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರೆ ನಾನು ಒದ್ದಾಡಿ ತಿಳ್ಕೊಂಡಿದ್ದು ಅದನ್ನೇ.

ಅಲ್ಲಿ ಅಡುಗೆ, ಮೆಕ್ಯಾನಿಕ್, ವೃದ್ಧರ ಆರೈಕೆ, ಮರಗೆಲಸ ಇಂಥ ಕೋರ್ಸು ಕಲಿಸಿ ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಕೊಡೋ ಸಂಸ್ಥೆಗೆ ಆರ್‌ಟಿಒ ಅಂತಾರೆ. ನಮ್ಮ ಲೈಸೆನ್ಸ್ ಕೊಡೋ ಆರ್‌ಟಿಒ ಅಲ್ಲ, ನೋಂದಾಯಿತ ತರಬೇತಿ ಸಂಸ್ಥೆ ಅಂತ ಅರ್ಥ. ಇವುಗಳ ಪಟ್ಟಿ ಟ್ರೈನಿಂಗ್ ಡಾಟ್ ಗೌ ಡಾಟ್ ಎಯು ಅನ್ನೋ ಸರ್ಕಾರಿ ಸೈಟಲ್ಲಿದೆ. ಯಾವ ಕಾಲೇಜು ಯಾವ ಕೋರ್ಸು ಕಲಿಸಬಹುದು ಅಂತ ಅಲ್ಲಿ ಸಿಗುತ್ತೆ. ಉದಾಹರಣೆಗೆ ಕಾರ್ ಮೆಕ್ಯಾನಿಕ್ ಸರ್ಟಿಫಿಕೇಟ್ 3ರ ಕೋಡ್ ಎಯುಆರ್30620. ಅಡುಗೆಯದ್ದು ಎಸ್‌ಐಟಿ30821.

ಆದ್ರೆ ಆರ್‌ಟಿಒ ಆಗಿದ್ರೆ ಸಾಲದು. ಇದನ್ನ ದಯವಿಟ್ಟು ಎರಡು ಸಲ ಓದಿ. ಆರ್‌ಟಿಒ ಅಂದ್ರೆ ಅಲ್ಲಿನವರಿಗೆ ಕಲಿಸಬಹುದು ಅಂತ ಅಷ್ಟೆ. ಸ್ಟೂಡೆಂಟ್ ವೀಸಾದಲ್ಲಿ ಬರೋರಿಗೆ ಕಲಿಸೋಕೆ ಕ್ರೈಕಾಸ್ ಅನ್ನೋ ಇನ್ನೊಂದು ನೋಂದಣಿ ಬೇಕು. ಅಕ್ಷರ ಹೀಗೆ: ಸಿ-ಆರ್-ಐ-ಸಿ-ಒ-ಎಸ್. ಇದು ಬರೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೂ ಬೇರೆ ಬೇರೆ ಇರುತ್ತೆ. ಕಾಲೇಜಿನ ಕೋಡಲ್ಲಿ ಐದು ಅಂಕಿ, ಕೊನೆಗೊಂದು ಇಂಗ್ಲಿಷ್ ಅಕ್ಷರ. ಈ ನಂಬರನ್ನ ಕಾಲೇಜು ತನ್ನ ವೆಬ್‌ಸೈಟಲ್ಲಿ, ಪ್ರಚಾರದ ಕಾಗದದಲ್ಲಿ ಹಾಕಲೇಬೇಕು ಅನ್ನೋದು ಅಲ್ಲಿನ ನಿಯಮ.

ಕ್ರೈಕಾಸ್ ಡಾಟ್ ಎಜುಕೇಶನ್ ಡಾಟ್ ಗೌ ಡಾಟ್ ಎಯುಗೆ ಹೋಗಿ ಹುಡುಕಿ. ಫ್ರೀ, ಲಾಗಿನ್ ಕೂಡ ಬೇಡ. ಕೋರ್ಸ್ ತೆರೆದ್ರೆ ಎಷ್ಟು ವಾರ, ಯಾವ ಜಾಗದಲ್ಲಿ, ಒಟ್ಟು ಫೀಸ್ ಎಷ್ಟು ಅಂತ ಎಲ್ಲಾ ಬರುತ್ತೆ. ಏಜೆಂಟ್ ಹೇಳಿದ ಫೀಸನ್ನ ಪಕ್ಕದಲ್ಲಿಟ್ಟು ನೋಡಿ. ಕೆಲವು ಸಲ ಅಲ್ಲೇ ಕಥೆ ಗೊತ್ತಾಗುತ್ತೆ.

ಜೂನಿಯರ್ ಕಳಿಸಿದ ಲೆಟರಲ್ಲಿ ಆರ್‌ಟಿಒ ನಂಬರ್ ಇತ್ತು. ಎಬಿಎನ್ ಅಂತ ಹನ್ನೊಂದು ಅಂಕಿಯ ನಂಬರೂ ಇತ್ತು. ಅದು ವ್ಯಾಪಾರದ ನಂಬರ್ ಅಷ್ಟೆ, ಚಿಕ್ಕ ಅಂಗಡಿಯವನಿಗೂ ಇರುತ್ತೆ. ಕ್ರೈಕಾಸ್ ನಂಬರ್ ಮಾತ್ರ ಎಲ್ಲೂ ಇರಲಿಲ್ಲ. ಪಟ್ಟಿಯಲ್ಲಿ ಹುಡುಕಿದ್ವಿ, ಕಾಲೇಜಿನ ಹೆಸರೂ ಇಲ್ಲ.

ಅಂದ್ರೆ ಕಾಲೇಜು ನಿಜ, ಬಿಲ್ಡಿಂಗ್ ನಿಜ, ಕೋರ್ಸ್ ಕೂಡ ನಿಜ. ನಮ್ಮ ಹುಡುಗನಿಗೆ ಅಲ್ಲಿ ಜಾಗ ಇಲ್ಲ ಅಷ್ಟೆ.

(4/6)

ಇನ್ನು ದುಡ್ಡಿನ ವಿಷಯ.

ಏಜೆಂಟರೆಲ್ಲ ಕಳ್ಳರು ಅಂತ ನಾನು ಹೇಳಲ್ಲ. ಚೆನ್ನಾಗಿ ಕೆಲಸ ಮಾಡೋರಿದ್ದಾರೆ, ನಮ್ಮ ಬ್ಯಾಚಿನ ಇಬ್ಬರನ್ನ ಸರಿಯಾಗೇ ಕಳಿಸಿದ್ದಾರೆ. ಆದ್ರೆ ಒಂದು ನೆನಪಿರಲಿ, ವಿದ್ಯಾರ್ಥಿ ಸೇರಿದ್ರೆ ಏಜೆಂಟಿಗೆ ಕಾಲೇಜು ಕಮಿಷನ್ ಕೊಡುತ್ತೆ. ಅದು ತಪ್ಪಲ್ಲ, ಆ ದಂಧೆ ನಡೆಯೋದೇ ಹಾಗೆ. ಆದ್ರೆ ಕಮಿಷನ್ ತಗೊಳೋರನ್ನೇ "ಸರ್, ಈ ಕಾಲೇಜು ಒಳ್ಳೇದಾ?" ಅಂತ ಕೇಳಿದ್ರೆ ಏನು ಹೇಳ್ತಾರೆ ನೀವೇ ಯೋಚನೆ ಮಾಡಿ. ಕಾಲೇಜು ತನ್ನ ಏಜೆಂಟರ ಪಟ್ಟಿಯನ್ನ ತನ್ನ ವೆಬ್‌ಸೈಟಲ್ಲಿ ಹಾಕಬೇಕು ಅಂತ ಕಾನೂನಿದೆ. ನಿಮ್ಮ ಏಜೆಂಟ್ ಹೆಸರು ಅಲ್ಲಿದೆಯಾ ನೋಡಿ. ಇಲ್ಲಾಂದ್ರೆ ಕಾಲೇಜಿಗೇ ಮೇಲ್ ಮಾಡಿ.

ಫೀಸ್ ಕಟ್ಟೋ ಮುಂಚೆ ನಿಮ್ಮ ಮತ್ತು ಕಾಲೇಜಿನ ಮಧ್ಯೆ ಒಂದು ಲಿಖಿತ ಒಪ್ಪಂದ ಆಗ್ಬೇಕು. ವೀಸಾ ಸಿಗದಿದ್ರೆ ಎಷ್ಟು ವಾಪಸ್, ಯಾವಾಗ ವಾಪಸ್ ಅಂತ ಅದರಲ್ಲಿರಬೇಕು. 25 ವಾರಕ್ಕಿಂತ ಉದ್ದದ ಕೋರ್ಸಾದ್ರೆ ಶುರುವಾಗೋ ಮುಂಚೆ ಅರ್ಧಕ್ಕಿಂತ ಜಾಸ್ತಿ ಟ್ಯೂಷನ್ ಫೀಸ್ ಕಟ್ಟಲೇಬೇಕು ಅಂತ ಕಾಲೇಜು ಒತ್ತಾಯ ಮಾಡೋ ಹಾಗಿಲ್ಲ. "ಪೂರ್ತಿ ಕಟ್ಟಿದ್ರೆ ವೀಸಾ ಬೇಗ" ಅಂತ ಯಾರಾದ್ರೂ ಅಂದ್ರೆ ಈ ನಿಯಮ ತೋರಿಸಿ.

ದುಡ್ಡನ್ನ ಕಾಲೇಜಿನ ಖಾತೆಗೇ ಕಳಿಸಬೇಕು ಅಂತ ನಾನು ಹಠ ಹಿಡಿಯೋಕೆ ಕಾರಣ ಇದೆ. ಕ್ರೈಕಾಸ್ ಕಾಲೇಜು ಮಧ್ಯದಲ್ಲಿ ಮುಚ್ಚಿಹೋದ್ರೆ ಟ್ಯೂಷನ್ ಪ್ರೊಟೆಕ್ಷನ್ ಸರ್ವಿಸ್ ಅಂತ ಅಲ್ಲಿನ ಸರ್ಕಾರದ ವ್ಯವಸ್ಥೆ ಇದೆ. ಬೇರೆ ಕಾಲೇಜಿಗೆ ಸೇರಿಸುತ್ತೆ, ಇಲ್ಲಾಂದ್ರೆ ಇನ್ನೂ ಪಾಠ ಆಗದ ಭಾಗದ ಫೀಸ್ ವಾಪಸ್ ಕೊಡಿಸುತ್ತೆ. ಏಜೆಂಟ್ "ಸರ್ವಿಸ್ ಚಾರ್ಜ್", "ಸೀಟ್ ಬ್ಲಾಕಿಂಗ್", "ಫೈಲ್ ಓಪನಿಂಗ್" ಅಂತ ತಗೊಂಡ ದುಡ್ಡು ಅದರ ಲೆಕ್ಕಕ್ಕೇ ಬರಲ್ಲ. ನನ್ನ 85 ಸಾವಿರ ಅಂಥದ್ದು.

ವೀಸಾ ಅರ್ಜಿಗೇ 2025ರ ಜುಲೈಯಿಂದ 2,000 ಆಸ್ಟ್ರೇಲಿಯನ್ ಡಾಲರ್. ರಿಜೆಕ್ಟ್ ಆದ್ರೂ ವಾಪಸ್ ಬರಲ್ಲ. ತಪ್ಪು ಕಾಲೇಜಿನ ಕಾಗದ ಇಟ್ಕೊಂಡು ಅರ್ಜಿ ಹಾಕಿದ್ರೆ ಅದೂ ಹೋಯ್ತು.

(5/6)

"ಕ್ರೈಕಾಸ್ ಇದೆ, ಹಂಗಾದ್ರೆ ಕಟ್ಟಬಹುದಾ?" ಅಂತ ಕೇಳ್ತೀರ. ಇನ್ನೂ ಇಲ್ಲ.

ನೋಂದಣಿ ಇದ್ದೂ ಪಾಠ ಮಾಡದ ಕಾಲೇಜುಗಳಿವೆ. ಅಲ್ಲಿ ಇವನ್ನ ಭೂತದ ಕಾಲೇಜು ಅಂತಾನೇ ಕರೀತಾರೆ. 2024ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಹೆಸರಿಗೆ ಮಾತ್ರ ಇದ್ದ 150ಕ್ಕೂ ಹೆಚ್ಚು ತರಬೇತಿ ಸಂಸ್ಥೆಗಳ ಬಾಗಿಲು ಮುಚ್ಚಿಸ್ತು. ಅದೇ ವರ್ಷದ ಕೊನೆಯಿಂದ ಎಎಸ್‌ಕ್ಯೂಎ ಅನ್ನೋ ನಿಯಂತ್ರಣ ಸಂಸ್ಥೆ, ಸರಿಯಾಗಿ ಕಲಿಸದೆ ಕೊಟ್ಟ 20 ಸಾವಿರಕ್ಕೂ ಹೆಚ್ಚು ಸರ್ಟಿಫಿಕೇಟುಗಳನ್ನ ರದ್ದು ಮಾಡಿದೆ. ಅಂದ್ರೆ ಫೀಸ್ ಕಟ್ಟಿ, ಸರ್ಟಿಫಿಕೇಟ್ ತಗೊಂಡು, ಕೆಲಸಕ್ಕೂ ಸೇರಿದ ಮೇಲೆ "ಇದು ಲೆಕ್ಕಕ್ಕಿಲ್ಲ" ಅಂತ ಕಾಗದ ಬರಬಹುದು. ಎಎಸ್‌ಕ್ಯೂಎ ತಗೊಂಡ ಕ್ರಮಗಳ ಪಟ್ಟಿ ಅದರ ಸೈಟಲ್ಲೇ ಇರುತ್ತೆ. ನಿಮ್ಮ ಕಾಲೇಜಿನ ಹೆಸರು ಹಾಕಿ ಹುಡುಕಿ.

ಮ್ಯಾಪ್ ನೋಡಿ ತೀರ್ಮಾನ ಮಾಡಬೇಡಿ. ಆಫೀಸ್ ಬಿಲ್ಡಿಂಗಿನ ನಾಲ್ಕನೇ ಮಹಡಿಯಲ್ಲಿ ನಡೆಯೋ ಒಳ್ಳೆ ಕಾಲೇಜೂ ಇದೆ, ದೊಡ್ಡ ಬೋರ್ಡ್ ಹಾಕ್ಕೊಂಡಿರೋ ಖಾಲಿ ಕಾಲೇಜೂ ಇದೆ. ಆದ್ರೆ ಮೆಕ್ಯಾನಿಕ್ ಕೋರ್ಸಿಗೆ ವರ್ಕ್‌ಶಾಪ್ ಬೇಕೇ ಬೇಕಲ್ಲ? ಕಾರನ್ನ ಲಿಫ್ಟಲ್ಲಿ ನಾಲ್ಕನೇ ಮಹಡಿಗೆ ತಗೊಂಡು ಹೋಗಲ್ಲ. ವರ್ಕ್‌ಶಾಪ್ ಎಲ್ಲಿದೆ, ವಾರದಲ್ಲಿ ಯಾವ ದಿನ ಅಂತ ಕೇಳಿ, ಟೈಮ್‌ಟೇಬಲ್ ಕಳಿಸಿ ಅನ್ನಿ, ವಿಡಿಯೋ ಕಾಲಲ್ಲಿ ತೋರಿಸ್ತೀರಾ ಅನ್ನಿ. ಫೋನ್ ನಂಬರನ್ನ ಲೆಟರಿಂದ ತಗೋಬೇಡಿ, ಸರ್ಕಾರಿ ಪಟ್ಟಿಯಲ್ಲಿರೋದನ್ನ ತಗೊಳ್ಳಿ. ನಮ್ಮ ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದ್ರೆ ಮೆಲ್ಬರ್ನಲ್ಲಿ ಹತ್ತೂವರೆ, ಅಲ್ಲಿನ ಬೇಸಿಗೆಯಾದ್ರೆ ಹನ್ನೊಂದೂವರೆ. ಇಂಗ್ಲಿಷ್ ತಡವರಿಸಿದ್ರೂ ಪರವಾಗಿಲ್ಲ, ನಾನೂ ಬರ್ಕೊಂಡು ಓದಿದ್ದೇ.

ಇನ್ನೊಂದು ಮಾತು, ಕೆಲವರಿಗೆ ಖಾರ ಆಗಬಹುದು. "ಕ್ಲಾಸಿಗೆ ಹೋಗೋದೇ ಬೇಡ, ಫುಲ್ ಟೈಮ್ ದುಡೀಬಹುದು" ಅನ್ನೋ ರೀಲ್ಸ್ ನೋಡಿ ಖುಷಿ ಪಡೋರು ನಮ್ಮಲ್ಲೇ ಇದ್ದಾರೆ. ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸ್ ನಡೆಯೋ ಸಮಯದಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಕೋರ್ಸಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಆನ್‌ಲೈನ್ ಮಾಡೋ ಹಾಗಿಲ್ಲ. ಕ್ಲಾಸ್ ಬೇಡ ಅನ್ನೋ ಕಾಲೇಜು ನಿಮಗೆ ಸಹಾಯ ಮಾಡ್ತಿಲ್ಲ, ಮುಚ್ಚಿಹೋಗೋ ಕಾಲೇಜುಗಳ ಸಾಲಲ್ಲಿ ನಿಂತಿದೆ. ಸಾಲಲ್ಲಿ ಜೊತೆಗೆ ನೀವೂ ನಿಂತಿದ್ದೀರ. ಇಂಥ ಕಾಲೇಜುಗಳು ಬದುಕಿರೋದು ಮೋಸ ಹೋದೋರಿಂದ ಮಾತ್ರ ಅಲ್ಲ, ಗೊತ್ತಿದ್ದೂ ಸೇರೋರಿಂದ ಕೂಡ.

(ಜರ್ಮನಿ ಬಗ್ಗೆ ಡಿಎಮ್ಮಲ್ಲಿ ಕೇಳ್ತಿದ್ದೀರ. ಅದಕ್ಕೆ ಬೇರೆ ಪೋಸ್ಟ್ ಹಾಕ್ತೀನಿ. ಸದ್ಯಕ್ಕೆ ಇಷ್ಟು: ಕಂಪನಿ ಜೊತೆ ಸೇರಿ ಮಾಡೋ ಅಲ್ಲಿನ ಔಸ್‌ಬಿಲ್ಡುಂಗ್ ತರಬೇತಿಯಲ್ಲಿ ಕಂಪನಿಯೇ ನಿಮಗೆ ತಿಂಗಳಿಗೆ ದುಡ್ಡು ಕೊಡುತ್ತೆ. ಭಾಷೆ ಕಲಿಯೋ ಖರ್ಚು, ವೀಸಾ ಖರ್ಚು ನಿಮ್ಮದು. ಅದು ಬಿಟ್ಟು "ಔಸ್‌ಬಿಲ್ಡುಂಗ್ ಫೀಸ್" ಅಂತ ಲಕ್ಷಗಟ್ಟಲೆ ಕೇಳಿದ್ರೆ ಎದ್ದು ಬನ್ನಿ.)

(6/6)

ಜೂನಿಯರ್ ಕಥೆ ಏನಾಯ್ತು?

ಸೋಮವಾರ ಅವನಿಂದಲೇ ಕಾಲೇಜಿಗೆ ಮೇಲ್ ಹಾಕಿಸಿದೆ, ಲೆಟರ್ ಲಗತ್ತಿಸಿ. "ಏಜೆಂಟ್ ಅಂಕಲ್‌ಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ ಅಣ್ಣಾ" ಅಂದ. ಮಾಡ್ಕೊಳ್ಳಲಿ ಬಿಡು ಅಂದೆ. ಬುಧವಾರ ಎರಡು ಸಾಲಿನ ಉತ್ತರ ಬಂತು: ನಾವು ವಿದೇಶಿ ವಿದ್ಯಾರ್ಥಿಗಳನ್ನ ಸೇರಿಸ್ಕೊಳಲ್ಲ, ಈ ಲೆಟರ್ ನಮ್ಮದಲ್ಲ. ಎರಡನೇ ಫೋಟೋದಲ್ಲಿ ಇರೋದು ಅದೇ.

ಅವರಪ್ಪ ಆಟೋ ಓಡಿಸ್ತಾರೆ. ಮೂರು ಲಕ್ಷಕ್ಕೆ ಸೈಟ್ ಪತ್ರ ಇಟ್ಟು ಸಾಲಕ್ಕೆ ಮಾತಾಡಿ ಆಗಿತ್ತಂತೆ. ಮೇಲ್ ಓದಿ ಹೇಳಿದಾಗ ತುಂಬ ಹೊತ್ತು ಸುಮ್ನಿದ್ದು, "ಆ ಮನುಷ್ಯ ನಮ್ಮ ಮನೆಗೆ ಬಂದು ಊಟ ಮಾಡ್ಕೊಂಡು ಹೋಗಿದ್ದ ಕಣಪ್ಪ" ಅಂದ್ರಂತೆ. ಅಷ್ಟೇ.

ಏಜೆಂಟ್ ಮಾತ್ರ ಕೂಲಾಗಿ "ಹೋಗ್ಲಿ ಬಿಡಿ, ಬೇರೆ ಕಾಲೇಜು ನೋಡೋಣ" ಅಂದ. ಇವನು ಆ ಆಫೀಸ್ ಬಿಟ್ಟಿದ್ದಾನೆ. ಈಗ ಬೇರೆ ಕಡೆಯಿಂದ ಇನ್ನೊಂದು ಲೆಟರ್ ತಂದಿದ್ದಾನೆ. ಇದರಲ್ಲಿ ಕ್ರೈಕಾಸ್ ನಂಬರ್ ಇದೆ, ಕೋರ್ಸಿನ ಕೋಡೂ ಇದೆ. ಇವತ್ತು ರಾತ್ರಿ ಒಂಬತ್ತಕ್ಕೆ ಅವರಪ್ಪನನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ವಿಡಿಯೋ ಕಾಲಲ್ಲಿ ಒಂದೊಂದೇ ನೋಡ್ತೀವಿ.

ನಿಮ್ಮ ಹತ್ರ ಇಂಥ ಲೆಟರ್ ಇದ್ರೆ ಮೊದಲು ನೀವೇ ಆ ಎರಡು ಸೈಟಲ್ಲಿ ಹುಡುಕಿ. ಆಮೇಲೂ ಅನುಮಾನ ಇದ್ರೆ ನನಗೆ ಕಳಿಸಿ. ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನಾಂಕ ಮುಚ್ಚಿ ಕಳಿಸಿ. ಮುಚ್ಚದೆ ಕಳಿಸಿದ್ರೆ ಓದಲ್ಲ, ಡಿಲೀಟ್ ಮಾಡ್ತೀನಿ.